ಕೆಂಪು ನಿಲುವಂಗಿ ಹೊತ್ತು ಸಿಲೋನಿಗೆ

ಶಿರಸಿ

ಸಿಲೋನಿಗೆ ಹೋಗಿ ಬಂದ ಮೇಲೆ ಪೇಟೆಯಲ್ಲಿ ಕಂಡವರೆಲ್ಲ ನನ್ನನ್ನು ಕೇಳುವುದು ಅದೇ ಅದೇ. ಸಮುದ್ರ ಹೇಗಿತ್ತು, ಹಡಗಿನಲ್ಲಿ ವಾಂತಿ ಆಯಿತೇ, ಅಲ್ಲಿಯವರು ಏನು ತಿನ್ನುತ್ತಾರೆ. ಎಲ್ಲ ಹೇಳುತ್ತೇನೆ. ಆದರೆ ಈ ಪ್ರವಾಸದಲ್ಲಿ ನಾನು ನೋಡಿದ್ದಕ್ಕಿಂತ ಸಿಟ್ಟು ಮಾಡಿಕೊಂಡದ್ದೇ ಹೆಚ್ಚು ಎಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಜೊತೆಗೆ ಬಂದವರು ನನ್ನ ಭಾವ ಎಂದರೆ ಸಿದ್ದಾಪುರದವರಿಗೆ ಕಾರಣ ಗೊತ್ತಾಗುತ್ತದೆ. ಉಳಿದವರಿಗೆ ಬಿಡಿಸಿ ಹೇಳಬೇಕು.

ಭಾವನ ಹೆಸರು ಪಾಸ್ಕೋಲ ಮೇಸ್ತ್ರಿ. ತೀರಿಹೋದ ನನ್ನ ಗಂಡನ ಅಣ್ಣ. ಸಿದ್ದಾಪುರದಲ್ಲಿ ಬಡಗಿ. ಅವರು ಮಾಡಿದ ಬಾಗಿಲು ಮಳೆಗಾಲದಲ್ಲೂ ಉಬ್ಬಿ ಕಚ್ಚಿಕೊಳ್ಳುವುದಿಲ್ಲ ಎಂದು ಹೆಸರು. ಅದು ನಿಜ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅವರಿಗೆ ಹೆಮ್ಮೆ ಆ ಬಾಗಿಲುಗಳ ಬಗ್ಗೆ ಅಲ್ಲ, ಇಗರ್ಜಿಯ ಸಂಘದ ಅಧ್ಯಕ್ಷಗಿರಿಯ ಬಗ್ಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರೂ ತಾಲೂಕಿನ ಕ್ರೈಸ್ತ ಗಂಡಸರ ಸಂಘ ಅದು. ಬಡಗಿಗಳು, ಗೌಂಡಿಗಳು, ಲಾರಿ ಡ್ರೈವರುಗಳು ಅದರ ಸದಸ್ಯರು. ಹಬ್ಬದ ದಿನ ಕೆಂಪು ನಿಲುವಂಗಿ ತೊಟ್ಟು, ಮೇಣದ ಬತ್ತಿ ಹಿಡಿದು, ಸಂತರ ಪ್ರತಿಮೆಯ ಹಿಂದೆ ಸಾಲಾಗಿ ನಡೆಯುವುದು ಅದರ ಕೆಲಸ. ಸದಸ್ಯ ಸತ್ತರೆ ಅದೇ ನಿಲುವಂಗಿ ತೊಟ್ಟು ಹೆಣ ಹೊರುವುದು. ಉಳಿದ ವರ್ಷವೆಲ್ಲ ಮೆರವಣಿಗೆಯಲ್ಲಿ ಯಾರು ಯಾರ ಮುಂದೆ ನಿಲ್ಲಬೇಕು ಎಂದು ಜಗಳ. ಹೆಂಗಸರಿಗೆ ಸದಸ್ಯತ್ವವಿಲ್ಲ. ಆ ನಿಲುವಂಗಿಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವ ಪುಣ್ಯವನ್ನು ಮಾತ್ರ ನಮಗೆ ಬಿಟ್ಟುಕೊಟ್ಟಿದ್ದಾರೆ.

ಮೂರನೆಯವನು ಇನಾಸ. ಯಲ್ಲಾಪುರ ತಾಲೂಕಿನಲ್ಲಿ, ವಜ್ರಳ್ಳಿಗಿಂತ ಒಳಗೆ ಕಾಡಿನ ನಡುವೆ, ಸಿದ್ದಿ ಕ್ರೈಸ್ತರ ಒಂದು ಸಣ್ಣ ಕೇರಿ ಇದೆ. ಅವನು ಅಲ್ಲಿಯವನು. ಕಾಡಿನಿಂದ ಡಿಪೋಕ್ಕೆ ಮರದ ನಾಟಾ ಸಾಗಿಸುವ ಎತ್ತಿನ ಗಾಡಿ ಹೊಡೆಯುತ್ತಾನೆ. ಮೆರವಣಿಗೆಯಲ್ಲಿ ಅವನ ಜಾಗ ಕಟ್ಟಕಡೆಯ ಸಾಲು. ಅವರ ಕೇರಿಗೂ ರಸ್ತೆಗೂ ನಡುವೆ ಒಂದು ಹಳ್ಳ ಹರಿಯುತ್ತದೆ. ಮಳೆಗಾಲಕ್ಕೆ ಮೊದಲು ಕೇರಿಯವರು ಅದರ ಮೇಲೆ ಒಂದು ಮರ ಅಡ್ಡ ಹಾಕಿಕೊಳ್ಳುತ್ತಾರೆ, ಅದೇ ಅವರ ಸಂಕ. ನೆರೆ ಬಂದರೆ ಮರ ತೇಲಿಹೋಗುತ್ತದೆ. ಹಿಂದಿನ ಮಳೆಗಾಲದಲ್ಲಿ ಇನಾಸನ ಹೆಂಡತಿ ರೋಜಾಳಿಗೆ ಜ್ವರ ನೆತ್ತಿಗೇರಿತು. ಕಂಬಳಿಯ ಜೋಲಿ ಕಟ್ಟಿ ಆಸ್ಪತ್ರೆಗೆಂದು ಹೊತ್ತು ತಂದರೆ ಸಂಕ ಇರಲಿಲ್ಲ. ನೀರು ಇಳಿಯಲಿ ಎಂದು ಕಾಯುತ್ತ ಕೂತಾಗ ಆ ದಡದಲ್ಲೇ ಅವಳ ಜೀವ ಹೋಯಿತು. ನಾವು ಹೊರಡುವ ಹೊತ್ತಿಗೆ ಅವನ ಮಗಳು ಬಸುರಿ. ದಿನ ತುಂಬುವುದು ಸರಿಯಾಗಿ ನಡುಮಳೆಗಾಲಕ್ಕೆ.

ಇನಾಸ ರೋಜಾ ಬದುಕಿದ್ದಾಗಲೂ ಸಂಘವನ್ನು ಕೇಳಿದ್ದ, ಸತ್ತ ಮೇಲೂ ಕೇಳಿದ. ಎರಡೂ ದಡಕ್ಕೆ ಕಲ್ಲಿನ ಗೋಡೆ ಎಬ್ಬಿಸಿ ಮೇಲೆ ಗಟ್ಟಿ ತೊಲೆ ಕೂರಿಸಿಕೊಡಿ, ನಾವೂ ಕೈಹಾಕುತ್ತೇವೆ, ಎಂದು. ಅದಕ್ಕೆ ಭಾವನ ಉತ್ತರ ತಯಾರಿತ್ತು. ವಾರದ ದಿನ ಎಲ್ಲರಿಗೂ ಹೊಟ್ಟೆಪಾಡು. ರವಿವಾರ ಉಳಿ, ಸುತ್ತಿಗೆಯಂಥ ಹತ್ಯಾರ ಮುಟ್ಟುವುದು ಪಾಪ. ಹೀಗಾಗಿ ಸಂಕ ಕಟ್ಟುವುದಕ್ಕೆ ದೇವರು ದಿನವನ್ನೇ ಮಾಡಿರಲಿಲ್ಲ! ಸಾಲದ್ದಕ್ಕೆ, ಸಂಘ ಇರುವುದು ಭಕ್ತಿಗೆ, ಸಂಕ ಬೇಕಾದರೆ ಲೋಕಲ್ ಬೋರ್ಡಿಗೆ ಹೋಗಿ ಕೇಳು ಎಂದರು.

ಅಷ್ಟರಲ್ಲಿ ನಮ್ಮ ಫಾದರ್‌ಗೆ ಸಿಲೋನಿನಿಂದ ಒಂದು ಆಮಂತ್ರಣ ಬಂತು. ಅಲ್ಲಿಯ ಮೀನುಗಾರರ ಊರಿನಲ್ಲಿ ನಮ್ಮಂಥದೇ ಒಂದು ಸಂಘ ಸತ್ತುಹೋಗುವ ಸ್ಥಿತಿಯಿಂದ ಎದ್ದು ಕೂತಿದೆ, ಬಂದು ಒಂದು ವಾರ ನಮ್ಮ ಜೊತೆ ಇದ್ದು ನೋಡಿ, ಕೆಲಸಕ್ಕೆ ತಯಾರಾಗಿ ಬನ್ನಿ, ಎಂದು. ಫಾದರ್ ತಾಲೂಕಿಗೊಬ್ಬರಂತೆ ಆರಿಸಿದರು. ಸಿದ್ದಾಪುರಕ್ಕೆ ಭಾವ. ಯಲ್ಲಾಪುರದಿಂದ ಇನಾಸ ಒಬ್ಬನೇ ಹೆಸರು ಕೊಟ್ಟಿದ್ದ. ಶಿರಸಿಯಿಂದ ಇಂಗ್ಲಿಷ್ ಬರುವ ಗಂಡಸೇ ಸಿಗದೆ ಶಾಲೆಯ ಅಕ್ಕೋರಾದ ನನ್ನನ್ನು ಕಳಿಸಿದರು. ತಮ್ಮನ ವಿಧವೆ ಭಾವನ ಜೊತೆ ಹೋಗುವುದರಲ್ಲಿ ತಪ್ಪಿಲ್ಲ ಎಂದು ಎಲ್ಲರೂ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ.

ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಭಾವ ಒಂದು ದೊಡ್ಡ ಟ್ರಂಕು ತರಿಸಿದರು. ಒಳಗೆ ಎರಡು ಕೆಂಪು ನಿಲುವಂಗಿ, ನಾಲ್ಕು ಹಿತ್ತಾಳೆಯ ದೀಪಸ್ತಂಭ, ಸಂತರ ಚಿತ್ರದ ರೇಶ್ಮೆ ಬಾವುಟ.

"ಎಂತಕ್ಕೆ ಭಾವ ಇದೆಲ್ಲ?" ಎಂದೆ.

"ಕೆಲ್ಸಕ್ಕೆ ತಯಾರಾಗಿ ಬನ್ನಿ ಅಂತ ಬರದಿದ್ದು ನೀನೇ ಓದಿ ಹೇಳಿದ್ದಲ್ದ? ಸಂಘದ ಕೆಲ್ಸಕ್ಕೆ ಬರಿಗೈಲಿ ಹೋಪುಲೆ ಆಗ್ತಾ?"

ಬಡಗಿಯೊಬ್ಬ ಕೆಲಸಕ್ಕೆ ತಯಾರಾಗಿ ಹೊರಟಾಗ ಅವನ ಉಳಿ, ಗರಗಸ, ಕೀಸುಳಿ ಎಲ್ಲ ಮನೆಯಲ್ಲೇ ಉಳಿದವು. ಆಗಲೇ ನಾನು ಟ್ರಂಕನ್ನು ಇಳಿಸಿಬಿಡಬೇಕಿತ್ತು. ಆದರೆ ಬಸ್ಸು ಹೊರಟಿತ್ತು.

ಮಂಡಪಂ

ಹುಬ್ಬಳ್ಳಿಯಿಂದ ಮದ್ರಾಸು, ಮದ್ರಾಸಿನಿಂದ ಧನುಷ್ಕೋಟಿಯ ರೈಲು. ಮೂವರ ಮನೆಮಾತೂ ಕೊಂಕಣಿಯೇ. ಆದರೆ ಇನಾಸನ ಕೊಂಕಣಿ ಕೇಳಿದರೆ ಭಾವನಿಗೆ ನಗು, ಭಾವನ ಕೊಂಕಣಿ ಇನಾಸನಿಗೆ ಅರ್ಧ ತಿಳಿಯುವುದಿಲ್ಲ. ಕನ್ನಡವೇ ವಾಸಿ ಎಂದು ದಾರಿಯುದ್ದಕ್ಕೂ ಕನ್ನಡದಲ್ಲೇ ಜಗಳಾಡಿದೆವು. ಟ್ರಂಕು ಕಾಲಿಡುವ ಜಾಗವನ್ನೆಲ್ಲ ನುಂಗಿತ್ತು. ಅದರ ಮೇಲೆ ಯಾರಾದರೂ ಕೂತರೆ ಭಾವ, "ಏಳಿ, ಏಳಿ, ದೇವರ ಸಾಮಾನು!" ಎಂದು ಎಬ್ಬಿಸುತ್ತಿದ್ದರು. ಎದ್ದ ತಮಿಳರು ನಮ್ಮ ಮುಖ ನೋಡುತ್ತಿದ್ದರು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಸಿಲೋನಿಗೆ ಹೋಗುವವರನ್ನು ಮಂಡಪಂನಲ್ಲಿ ಇಳಿಸಿ ತಪಾಸಣೆ ಮಾಡುತ್ತಾರೆ. ಕಣ್ಣು, ನಾಲಿಗೆ ನೋಡಿ ತೋಳಿಗೆ ಸೂಜಿ ಚುಚ್ಚುತ್ತಾರೆ. ಇಡೀ ಸಾಗವಾನಿ ಮರ ಕೊಯ್ಯುವ ನಮ್ಮ ಮೇಸ್ತ್ರಿಗಳು ಸೂಜಿ ಕಂಡೊಡನೆ ಬೆಂಚಿನ ಮೇಲೆ ಮಲಗಿಬಿಟ್ಟರು. ನಾನು ಸೆರಗಿನಿಂದ ಗಾಳಿ ಹಾಕಿದೆ. ಇನಾಸ ನೀರು ತಂದ. ಅವರು ಎದ್ದು ಕೂತು, "ಬಿಸಲಿಗೆ ಹೀಂಗಾತು," ಎಂದರು. ನೆರಳಿನಲ್ಲಿದ್ದೆವು.

ನಂತರ ಟ್ರಂಕು ಬಿಚ್ಚಿಸುವ ಅಧಿಕಾರಿಯ ಸರದಿ. ಆತ ಕೆಂಪು ನಿಲುವಂಗಿಯೊಂದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ನೀವು ನಾಟಕ ಕಂಪನಿಯವರಾ, ಯಾವ ನಾಟಕ, ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಅನುವಾದ ಮಾಡಬಾರದಿತ್ತು. ಭಾವನ ಮುಖ ನಿಲುವಂಗಿಗಿಂತ ಕೆಂಪಾಯಿತು. ನಾಟಕವಲ್ಲ ಎಂದು ತೋರಿಸಲು ಅಲ್ಲೇ, ಹಮಾಲರ ನಡುವೆ, ನಿಲುವಂಗಿ ತೊಟ್ಟು ಕೈಮುಗಿದು ನಿಂತು ಲ್ಯಾಟಿನ್ ಪ್ರಾರ್ಥನೆ ಶುರುಮಾಡಿದರು. ಜನ ಸೇರಿತು. ಒಬ್ಬ ಚಪ್ಪಾಳೆಯನ್ನೂ ತಟ್ಟಿದ.

ಇನಾಸ ನನ್ನ ಕಿವಿಯ ಹತ್ತಿರ ಬಂದು, "ಅಕ್ಕೋರೆ, ಮೇಳದವ್ರು ಅಂತ ಹೇಳಿಬಿಡ್ರಿ. ಲಗೂ ಬಿಟ್ಟಾರು," ಎಂದ.

ಅಧಿಕಾರಿ ಭಾವನ ಉದ್ಯೋಗ ಕೇಳಿದ. ಬಡಗಿ ಎಂದೆ. ಸಿಲೋನಿಗೆ ಯಾಕೆ? ಕೆಲಸಕ್ಕೆ. ಹಾಗಾದರೆ ಹತ್ಯಾರ ಎಲ್ಲಿ? ಮನೆಯಲ್ಲಿ. ಆತ ಟ್ರಂಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ನಾನು ಶಾಲೆಯಲ್ಲಿ ಮಕ್ಕಳು ಹೇಳುವ ಎಷ್ಟೋ ಸುಳ್ಳು ಕೇಳಿದ್ದೇನೆ. ನಾನು ಹೇಳುತ್ತಿದ್ದ ಈ ಸತ್ಯ ಅವೆಲ್ಲಕ್ಕಿಂತ ಕಳಪೆಯಾಗಿತ್ತು. ಫಾದರ್ ಕೊಟ್ಟ ಪತ್ರ ತೋರಿಸಿ, ಕೈಮುಗಿದು, ಅಂತೂ ಬಿಡಿಸಿಕೊಂಡೆವು.

ಹಡಗು

ಸಮುದ್ರ ಹೇಗಿತ್ತು ಎಂದು ಕೇಳುವವರಿಗೆ: ಹಂಡೆಯಲ್ಲಿಟ್ಟ ನೀರಿನಂತೆ ಅಲುಗಾಡದೆ ಇತ್ತು. ಆದರೂ ಭಾವನಿಗೆ ವಾಂತಿಯಾಯಿತು. ಎರಡೂ ನಿಲುವಂಗಿಗೆ ಗಂಜಿ ಹಾಕಿದವಳು ನಾನೇ ಆದ್ದರಿಂದ, ಅವರು ಅದನ್ನು ಆಗಲೇ ಬಿಚ್ಚಿಟ್ಟಿದ್ದಾರೆ ಎಂದು ದೇವರಿಗೆ ವಂದಿಸಿದೆ. ಇನಾಸ ಸಮುದ್ರ ಕಂಡದ್ದು ಅದೇ ಮೊದಲು. ಕಟಕಟೆ ಹಿಡಿದು ನೀರನ್ನೇ ನೋಡುತ್ತಿದ್ದವನು ಆಚೆ ಬದಿಯ ತಲೈಮನ್ನಾರಿನ ದಡ ಕಂಡಾಗ ಬಾಯಿ ಬಿಟ್ಟ.

"ಇಷ್ಟ್ ದೊಡ್ಡದ್ನ ಕುಂತಲ್ಲೇ ದಾಟಿದ್ವಲ್ರಿ ಅಕ್ಕೋರೆ. ನಮ್ಮ ಹಳ್ಳ ಇದರ ಮುಂದ ಎಷ್ಟರದು?"

ಭಾವ ಕಣ್ಣು ಮುಚ್ಚಿ ಮಲಗಿದ್ದರು. ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಹಳ್ಳದ ವಿಷಯ ಬಂದಾಗಲೆಲ್ಲ ಅವರ ಕಿವಿಗೆ ಏನೋ ಆಗುತ್ತದೆ.

ನೆಗೊಂಬೊದ ಹತ್ತಿರದ ಹಳ್ಳಿ

ನಮ್ಮನ್ನು ಇರಿಸಿಕೊಂಡವಳು ಅಗ್ನೆಸ್ ಎಂಬ ಮೀನು ಮಾರುವ ಹೆಂಗಸು. ನನ್ನದೇ ವಯಸ್ಸು, ನನ್ನಂತೆಯೇ ವಿಧವೆ. ಅವಳಿಗೆ ಸಿಂಹಳ, ತಮಿಳು ಎರಡೂ ಬರುತ್ತಿತ್ತು, ನನಗೆ ಎರಡೂ ಬರುತ್ತಿರಲಿಲ್ಲ. ಅಲ್ಲಿಯ ಪ್ರಾಯದ ಫಾದರ್ ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸುವುದು, ನಾನು ಅದನ್ನು ಕನ್ನಡಕ್ಕೆ ತಿರುಗಿಸುವುದು. ಎರಡು ಮನೆ ದಾಟಿ ಬಂದ ಮಾತು ನಮ್ಮ ಕೈ ಸೇರುವಷ್ಟರಲ್ಲಿ ಅವಳು ಮುಂದಿನ ಕೆಲಸಕ್ಕೆ ಎದ್ದು ಹೋಗಿರುತ್ತಿದ್ದಳು.

ಏನು ತಿನ್ನುತ್ತಾರೆ ಎಂದು ಕೇಳುವವರಿಗೆ: ಒತ್ತು ಶ್ಯಾವಿಗೆ. ನಮ್ಮಲ್ಲಿ ಒರಳು ಇಳಿಸಿ, ಒತ್ತಲು ಎರಡಾಳು ಕರೆದು, ವರ್ಷಕ್ಕೊಮ್ಮೆ ಮಾಡಿ ಊರಿಗೆಲ್ಲ ಹೇಳಿಕೊಂಡು ತಿರುಗುವ ಶ್ಯಾವಿಗೆಯನ್ನು ಅವರು ದಿನಾ ಬೆಳಿಗ್ಗೆ, ಮಾತಾಡುತ್ತ ಮಾತಾಡುತ್ತ, ಬುಟ್ಟಿ ತುಂಬ ಮಾಡಿಬಿಡುತ್ತಾರೆ. ಚಹಾಕ್ಕೆ ಹಾಲಿಲ್ಲ, ಸಕ್ಕರೆಯಿಲ್ಲ. ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಡುತ್ತಾರೆ. ಬೆಲ್ಲ ಕಚ್ಚುವುದು, ಕಪ್ಪು ಚಹಾ ಹೀರುವುದು. ಭಾವ ಬೆಲ್ಲವನ್ನು ಮೊದಲೇ ತಿಂದು ಮುಗಿಸಿ, ಚಹಾ ಕಹಿ ಎಂದು ಗೊಣಗಿದರು. ಪಲ್ಯಕ್ಕೂ ಸಾರಿಗೂ ಒಣಮೀನಿನ ಪುಡಿ ಬೀಳುತ್ತದೆ. ಅದೊಂದು ಭಾವನಿಗೆ ಹಿಡಿಸಿತು. ಹಿಡಿಸಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ, ಎರಡನೇ ಸಲ ಬಡಿಸಿಕೊಂಡರು.

ಸಂಜೆ ಶಾಲೆಯ ಜಗಲಿಯಲ್ಲಿ ಅಗ್ನೆಸ್ ತಮ್ಮ ಸಂಘದ ಕತೆ ಹೇಳಿದಳು. ಕೇಳುತ್ತ ನನಗೆ ನಗುವೂ ಬಂತು, ಸಿಟ್ಟೂ ಬಂತು. ಥೇಟು ನಮ್ಮ ಸಂಘವೇ. ಅದೇ ಬಾವುಟ, ಅದೇ ಮೆರವಣಿಗೆ, ಅದೇ ಮುಂದಿನ ಸಾಲಿನ ಜಗಳ. ಒಂದು ಮಳೆಗಾಲದಲ್ಲಿ ದೋಣಿ ಮಗುಚಿ ಊರಿನ ಕೆಲವು ಗಂಡಸರು ತೀರಿಹೋದರು. ಆ ಮನೆಗಳಲ್ಲಿ ಒಲೆ ಹೊತ್ತದೆ ಇದ್ದಾಗ ಸಂಘದ ಹಿರಿಯರು ಪ್ರತಿಮೆಯ ಮೇಲೆ ಹಿಡಿಯುವ ಕೊಡೆಗೆ ಯಾವ ಬಣ್ಣ ಎಂದು ಚರ್ಚಿಸುತ್ತ ಕೂತಿದ್ದರಂತೆ. ಮೀನು ಮಾರುವ ಹೆಂಗಸರು ಸಭೆಗೆ ನುಗ್ಗಿ ಬೈದು, ಎದ್ದು ಬಂದು, ತಾವೇ ಮನೆಮನೆಗೆ ಅನ್ನ ಹೊತ್ತರು. ಅವರ ಹಿಂದೆ ಬಲೆ ಹೆಣೆಯುವವರು ಬಂದರು, ಆಮೇಲೆ ದೋಣಿ ಕಟ್ಟುವವರು. ಈಗ ರವಿವಾರ ಪೂಜೆ ಮುಗಿದ ಮೇಲೆ ಯಾರ ಮನೆಯಲ್ಲಿ ಏನು ಕೆಟ್ಟಿದೆ ಎಂದು ಕೇಳಿಕೊಂಡು ಎಲ್ಲರೂ ಒಟ್ಟಿಗೆ ಅಲ್ಲಿಗೆ ಹೋಗುತ್ತಾರೆ. ಹಿರಿಯರು ಬರುತ್ತಾರಾ ಎಂದು ನಾನು ಕೇಳಿದೆ. ಅಗ್ನೆಸ್ ಬಾಯಿ ತುಂಬ ನಕ್ಕಳು. ಊಟಕ್ಕೆ ಬರುತ್ತಾರಂತೆ.

ಇನಾಸ ಒಂದೊಂದು ಮಾತಿಗೂ, "ಏನಂದ್ರು, ಏನಂದ್ರು?" ಎಂದು ನನ್ನನ್ನು ಪೀಡಿಸಿ ಕೇಳಿದ. ಭಾವ ಒಂದೇ ಒಂದು ಪ್ರಶ್ನೆ ಕೇಳಿದರು.

"ನಾಳೆ ಮೆರವಣಿಗೆ ಎಷ್ಟ್ ಹೊತ್ತಿಗೆ ಅಂತ ಕೇಳು ಕತ್ರೀನಾ."

ನಾನು ಹಣೆ ಹಣೆ ಚಚ್ಚಿಕೊಂಡೆ.

ರವಿವಾರ

ಮರುದಿನ ಬೆಳಿಗ್ಗೆ ಭಾವ ನಿಲುವಂಗಿ ತೊಟ್ಟರು. ಇನಾಸನಿಗೂ ತೊಡಿಸಿದರು. ಬೇಡ ಎಂದು ನಾನು ಹೇಳಿದ್ದನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಪೂಜೆ ಮುಗಿಸಿ ಹೊರಗೆ ಬಂದರೆ ಊರಿನವರು ಹಳೆಯ ಲುಂಗಿ ಉಟ್ಟು, ಗುದ್ದಲಿ, ಬಕೆಟ್ಟು, ಸುತ್ತಿಗೆ ಹಿಡಿದು ನಿಂತಿದ್ದಾರೆ. ಫಾದರ್ ನಿಲುವಂಗಿಯನ್ನು ಸೊಂಟಕ್ಕೆ ಎತ್ತಿ ಕಟ್ಟಿ ಸಿಮೆಂಟಿನ ಚೀಲಕ್ಕೆ ಭುಜ ಕೊಟ್ಟಿದ್ದಾರೆ. ನಡುವೆ ನಮ್ಮವರು ಇಬ್ಬರು, ಕೆಂಪಗೆ ಮಿಂಚುತ್ತ, ಕೈಯಲ್ಲಿ ಉರಿಯುವ ಮೇಣದ ಬತ್ತಿ. ಮಕ್ಕಳು ಸುತ್ತ ಸೇರಿದರು. ಯಾರೂ ಗೇಲಿ ಮಾಡಲಿಲ್ಲ, ಅದು ಅವರ ದೊಡ್ಡತನ. ಎಲ್ಲರೂ ಸಾಲಾಗಿ ನಡೆದದ್ದರಿಂದ ಒಂದು ರೀತಿಯಲ್ಲಿ ಭಾವನಿಗೆ ಮೆರವಣಿಗೆಯೂ ಸಿಕ್ಕಿತು.

ಮೆರವಣಿಗೆ ನಿಂತದ್ದು ಒಂದು ಅರ್ಧ ಎದ್ದ ಗೋಡೆಯ ಮುಂದೆ. ದೋಣಿಯಲ್ಲಿ ಗಂಡನನ್ನು ಕಳೆದುಕೊಂಡವಳ ಮನೆ. ಹಳೆಯ ಗುಡಿಸಲನ್ನು ಮಳೆ ಕೆಡವಿತ್ತು. ಎಲ್ಲರೂ ಕೆಲಸಕ್ಕೆ ಹತ್ತಿದರು. ಇನಾಸ ತನ್ನ ನಿಲುವಂಗಿ ಕಳಚಿ ಮಡಚಿ ನನ್ನ ಕೈಗೆ ಕೊಟ್ಟು, ಇಟ್ಟಿಗೆ ಸಾಗಿಸುವ ಸಾಲಿಗೆ ಸೇರಿಬಿಟ್ಟ. ಭಾವ ಮಾತ್ರ ತೆಂಗಿನ ಮರದ ನೆರಳಿನಲ್ಲಿ ನೆಟ್ಟಗೆ ನಿಂತರು.

"ರವಿವಾರ ಹತ್ಯಾರ ಮುಟ್ಟೂದು ಪಾಪ ಅಲ್ದ? ಕೇಳು ಅವಳನ್ನ," ಎಂದರು.

ಕೇಳಲು ನನಗೆ ನಾಚಿಕೆಯಾಯಿತು. ಆದರೆ ಕೇಳದಿದ್ದರೆ ಬಿಡುವವರಲ್ಲ. ಮಾತು ಫಾದರ್ ಮೂಲಕ ಅಗ್ನೆಸ್‌ಗೆ ಹೋಯಿತು. ಅವಳು ಬಕೆಟ್ಟು ಕೆಳಗಿಟ್ಟು ಭಾವನನ್ನು ಮೇಲಿಂದ ಕೆಳಗೆ ನೋಡಿ ಏನೋ ಹೇಳಿದಳು. ತಿರುಗಿ ಬಂದದ್ದು ಇಷ್ಟು: ರವಿವಾರ ಮಳೆ ಬಂದರೆ ಆ ಹೆಂಗಸೂ ಮಕ್ಕಳೂ ನೆನೆಯುವುದಿಲ್ಲವಾ ಎಂದು ಕೇಳುತ್ತಿದ್ದಾಳೆ.

ಈ ಮಾತಿನಿಂದ ಭಾವನ ಮನಸ್ಸು ಕರಗಿತು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಅವರ ಕಣ್ಣು ಬಾಗಿಲಿನ ಚೌಕಟ್ಟಿನ ಮೇಲೆ ಬಿತ್ತು, ಅಷ್ಟೇ. ದೋಣಿ ಕಟ್ಟುವ ಇಬ್ಬರು ಅದನ್ನು ನಿಲ್ಲಿಸುತ್ತಿದ್ದರು. ದೋಣಿಯಲ್ಲಿ ನೇರ ಗೆರೆ ಎಂಬುದೇ ಇರುವುದಿಲ್ಲವಲ್ಲ, ಚೌಕಟ್ಟೂ ದೋಣಿಯ ಹಾಗೆಯೇ ಒಂದು ಕಡೆ ವಾಲಿತ್ತು. ಭಾವ ಮೊದಲು ತಲೆ ಓರೆ ಮಾಡಿದರು. ಆಮೇಲೆ ನಾಲಿಗೆಯಲ್ಲಿ ಲೊಚಗುಟ್ಟಿದರು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, "ಅಯ್ಯೋ ಮಾರಾಯ, ಎಡಗಡೆ ಎತ್ತು, ಎಡಗಡೆ!" ಎಂದು ಕನ್ನಡದಲ್ಲಿ ಕೂಗಿದರು. ಅವರು ಬಲಗಡೆ ಎತ್ತಿದರು. ಭಾವ ನಿಲುವಂಗಿ ಕಿತ್ತು ನನ್ನ ಮೇಲೆ ಎಸೆದು, ಆ ಮನುಷ್ಯನ ಕೈಯಿಂದ ಉಳಿಯನ್ನು ಕಸಿದುಕೊಂಡರು.

ಮಧ್ಯಾಹ್ನದವರೆಗೆ ಅವರನ್ನು ಅಲ್ಲಿಂದ ಎಬ್ಬಿಸಲಾಗಲಿಲ್ಲ. ಬೈದರು, ಅಳೆದರು, ಮತ್ತೆ ಬೈದರು. ಆ ದೋಣಿಯವರು ಬೈಗಳನ್ನೆಲ್ಲ ಪಾಠ ಎಂದುಕೊಂಡು ತಲೆಯಾಡಿಸಿದರು. ಬಾಗಿಲು ಕೂತಾಗ ಆ ವಿಧವೆ ಅದನ್ನು ತೆಗೆದು, ಮುಚ್ಚಿ, ಮತ್ತೆ ತೆಗೆದು ನೋಡಿದಳು. ಸದ್ದಿಲ್ಲದೆ ಆಡಿತು. ಅವಳು ಭಾವನ ಕೈಗಳೆರಡನ್ನೂ ಹಿಡಿದುಕೊಂಡಳು. ಭಾವನ ಕಣ್ಣು ತುಂಬಿದ್ದನ್ನು ನಾನು ಕಂಡೆ. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಒಂದು ಗಳಿಗೆಗೆ ಇಳಿದುಹೋಯಿತು.

ಊಟಕ್ಕೆ ಕೂತಾಗ ಇನಾಸ ತಟ್ಟೆ ಮುಟ್ಟದೆ ಹೇಳಿದ: "ಮೇಸ್ತ್ರೇರೆ, ಗುರುತಿಲ್ಲದ ಊರಾಗೆ ಬಾಗ್ಲ ಮಾಡಿಕೊಟ್ರಿ. ಚಲೋ ಆತ್ರಿ. ಇನ್ನ ನಮ್ಮ ಹಳ್ಳಕ್ಕ ಸಂಕ ಮಾಡಿಕೊಡ್ರಿ. ಮಳಿಗಾಲ ಬಂದ್ರ ನನ್ನ ಮಗಳಿಗೆ ದಾರಿ ಇಲ್ರಿ."

ಭಾವ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು. "ಅದು ಬೇರೆ ವಿಷಯ. ಅದಕ್ಕೆ ಸಭೆ ಕರೀಬೇಕು, ಠರಾವು ಆಗಬೇಕು," ಎಂದರು.

ನನ್ನ ಸಿಟ್ಟು ಹೋದಷ್ಟೇ ಬೇಗ ವಾಪಸು ಬಂತು.

ಮತ್ತೆ ಶಿರಸಿ

ಸಭೆ ಕರೆದರು. ಹೆಂಗಸರಾದ ನಾವು ಹಿಂದಿನ ಬಾಗಿಲ ಹತ್ತಿರ ನಿಂತೆವು. ಭಾವ ಸಿಲೋನಿನ ವರದಿ ಒಪ್ಪಿಸಿದರು. ಮಂಡಪಂನ ಅಧಿಕಾರಿ ಅವರ ಲ್ಯಾಟಿನ್ ಕೇಳಿ ಬೆರಗಾದನಂತೆ. ಸಮುದ್ರ ಭಯಂಕರವಾಗಿತ್ತಂತೆ. ನೆಗೊಂಬೊದಲ್ಲಿ ನಮ್ಮ ನಿಲುವಂಗಿ ನೋಡಲು ಊರೇ ಸೇರಿತ್ತಂತೆ. ಬಾಗಿಲಿನ ವಿಷಯ ಬರಲೇ ಇಲ್ಲ. ಅಧ್ಯಕ್ಷರು ರವಿವಾರ ಉಳಿ ಹಿಡಿದರು ಎಂದು ಹೇಳಿಕೊಳ್ಳುವುದು ಹೇಗೆ? ಇನಾಸ ಎದ್ದು ನಿಂತು ಸಂಕದ ಮಾತೆತ್ತಿದ. ಹಬ್ಬ ಹತ್ತಿರ ಬಂತು, ಮಳೆಗಾಲ ಮುಗಿದ ಮೇಲೆ ಒಂದು ಉಪಸಮಿತಿ ಮಾಡಿ ವಿಚಾರ ಮಾಡೋಣ ಎಂದು ತೀರ್ಮಾನವಾಯಿತು.

ಮಳೆಗಾಲ ಮುಗಿದ ಮೇಲೆ! ಇನಾಸ ಕೂತ. ಅವನ ಮುಖ ನೋಡಲು ನನ್ನಿಂದಾಗಲಿಲ್ಲ. ನಾನು ಹಿಂದಿನಿಂದ ನಡೆದು ಗಂಡಸರ ನಡುವೆ ಹೋಗಿ ನಿಂತೆ.

"ಭಾವ, ನೆಗೊಂಬೊದಾಗೆ ರವಿವಾರ ಉಳಿ ಹಿಡಿದು ಬಾಗಿಲು ಕೂರಿಸಿದ್ದು ಯಾರು? ಅದನ್ನೂ ವರದಿಗೆ ಸೇರಿಸಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಭಾವ, "ಅದು ಪರದೇಶ," ಎಂದರು.

"ಹಾಂಗಾರೆ ಇನ್ನೊಂದು ಕೇಳಿ. ಸಂಕ ಆಗೂವರೆಗೆ ನಿಮ್ಮ ನಿಲುವಂಗಿ ನಾವು ಮುಟ್ಟೂದಿಲ್ಲ. ಒಗೆಯೂದೂ ಇಲ್ಲ, ಇಸ್ತ್ರಿಯೂ ಇಲ್ಲ."

ಮೊದಲೇ ಯೋಚಿಸಿ ಹೇಳಿದ್ದಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂತು. ಆದರೆ ಹಿಂದೆ ನಿಂತ ಹೆಂಗಸರು, "ಹೌದು, ಇಲ್ಲ," ಎಂದರು. ಜುವಾಂವ ಗೌಂಡಿಯ ಹೆಂಡತಿ ಎಲ್ಲರಿಗಿಂತ ಜೋರಾಗಿ ಹೇಳಿದಳು.

ಗಂಡಸರು ಮೊದಲು ನಕ್ಕರು. ಒಂದು ವಾರದ ನಂತರ ಒಬ್ಬಿಬ್ಬರು ತಾವೇ ಇಸ್ತ್ರಿಗೆ ಕೆಂಡ ತುಂಬಿದರು. ಕೆಂಪು ಬಟ್ಟೆಯ ಮೇಲೆ ಕಪ್ಪು ತ್ರಿಕೋನ ಮೂಡಿಸಿಕೊಂಡು ಹೆಂಡತಿಯರ ಮುಂದೆ ನಿಂತರು. ನಗು ನಿಂತಿತು. ಮೊದಲು ಸೋತವನು ಜುವಾಂವ ಗೌಂಡಿ. ಸೋತ ಎನ್ನುವುದೂ ತಪ್ಪು. ಅವನಿಗೆ ಮೊದಲಿನಿಂದಲೂ ಮನಸ್ಸಿತ್ತು, ಅಧ್ಯಕ್ಷರ ಮಾತು ಮೀರಲು ಧೈರ್ಯವಿರಲಿಲ್ಲ. ಅವನೇ ನಾಟಾ ಕಂತ್ರಾಟುದಾರನನ್ನು ಹಿಡಿದು ತೊಲೆ ಕೊಡಲು ಒಪ್ಪಿಸಿದ, ಲಾರಿ ಡ್ರೈವರುಗಳನ್ನು ಮಾತಾಡಿಸಿದ. ಠರಾವೂ ಇಲ್ಲ, ಉಪಸಮಿತಿಯೂ ಇಲ್ಲ. ಫಾದರ್ ಹತ್ತಿರ ಹೋಗಿ ರವಿವಾರ ಕೆಲಸ ಮಾಡಬಹುದಾ ಎಂದು ಕೇಳಿದರೆ, ಧಾರಾಳವಾಗಿ ಮಾಡಿ, ಇಷ್ಟು ವರ್ಷ ನನ್ನನ್ನು ಯಾರು ಕೇಳಿದ್ದರು, ಎಂದರಂತೆ ಅವರು. ಕೇಳಿದಾಗ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸಿತು.

ಯಲ್ಲಾಪುರ

ಮೊದಲ ರವಿವಾರ ಲಾರಿಯಲ್ಲಿ ಹೋದವರು ಎರಡೂ ದಡದಲ್ಲಿ ಕಲ್ಲು ಕಟ್ಟಿ ಬಂದರು. ಕೇರಿಯ ಗಂಡಸರು ಹೆಂಗಸರೆಲ್ಲ ಕಲ್ಲು ಹೊತ್ತರು. ಭಾವ ಹೋಗಲಿಲ್ಲ. ಅದು ಗಟ್ಟಿಯಾದ ಮೇಲೆ ಇನ್ನೊಂದು ರವಿವಾರ ತೊಲೆ ಏರಿಸಲು ಹೊರಟರು. ಸಿದ್ದಾಪುರದ ಬಸ್ಸಿನಿಂದ ಭಾವ ಇಳಿದು ಬಂದು, ಹತ್ಯಾರದ ಪೆಟ್ಟಿಗೆಯನ್ನು ಲಾರಿಗೆ ಹಾಕಿ, ಯಾರ ಮುಖವನ್ನೂ ನೋಡದೆ ಹತ್ತಿ ಕೂತರು. ಯಾಕೆ ಬಂದಿರಿ ಎಂದು ನಾನು ಬೇಕೆಂದೇ ಕೇಳಿದೆ.

"ಇವ್ರ ಕೈಲಿ ಕೊಟ್ರೆ ತೊಲೆ ಓರೆ ಕೂರಸ್ತ್ರು," ಎಂದರು.

ದಾರಿಯುದ್ದಕ್ಕೂ ಎಲ್ಲರ ಜೊತೆ ಜಗಳ. ಹಳ್ಳದ ಹತ್ತಿರವೂ ಜಗಳ. ತೊಲೆಯ ಯಾವ ಮೈ ಮೇಲಾಗಬೇಕು, ಹಲಗೆ ಎಷ್ಟು ಸಂದು ಬಿಡಬೇಕು, ಕೈಹಿಡಿ ಒಂದು ಕಡೆಗೋ ಎರಡೂ ಕಡೆಗೋ. ಹೊತ್ತು ಇಳಿಯುವ ಮೊದಲು ಸಂಕ ಸಿದ್ಧವಾಗಿತ್ತು. ಹಬ್ಬಕ್ಕೆ ನಿಲುವಂಗಿಗಳೂ ಸಿದ್ಧವಾದವು. ಮಾತಿಗೆ ಮಾತು, ನಾವು ಹೆಂಗಸರು ಕೊಟ್ಟ ಮಾತು ಉಳಿಸಿಕೊಂಡೆವು. ಆ ವರ್ಷ ಮುಂದಿನ ಸಾಲಿಗೆ ಜಗಳವಾಗಲಿಲ್ಲ ಎಂದೇನೂ ತಿಳಿಯಬೇಡಿ, ಆಯಿತು. ಆದರೆ ಹಬ್ಬದ ಮರುವಾರವೇ ಯಾರದೋ ಮನೆಯ ಮಾಡು ಸೋರುತ್ತದೆ ಎಂದು ಗೊತ್ತಾಗಿ, ಪೂಜೆ ಮುಗಿಸಿ ಒಂದಷ್ಟು ಜನ ಹಂಚು ಹೊತ್ತು ಹೋದರು. ಸಭೆ ಕರೆಯಲು ಯಾರಿಗೂ ನೆನಪಾಗಲಿಲ್ಲ.

ಮಳೆ ಬಂತು. ಜೋರಾಗಿಯೇ ಬಂತು. ಒಂದು ದಿನ ಪಾಠದ ನಡುವೆ ಇನಾಸ ಕಂಬಳಿ ಕೊಪ್ಪೆ ಹಾಕಿಕೊಂಡು ಶಾಲೆಯ ಬಾಗಿಲಿಗೆ ಬಂದ. ಮಕ್ಕಳಿಗೆ ಸುಮ್ಮನಿರಿ ಎಂದು ಹೇಳಿ ಹೊರಗೆ ಬಂದೆ.

"ಹೆಣ್ಣು ಮಗು ಅಕ್ಕೋರೆ. ಯಲ್ಲಾಪುರ ಆಸ್ಪತ್ರಿಯಾಗೆ. ತಾಯಿ ಮಗು ಇಬ್ರೂ ಚಲೋ ಅದಾರ. ಹಳ್ಳ ತುಂಬಿ ಹರೀತಿತ್ರಿ. ಸಂಕದ ಮ್ಯಾಲೆ ಹೊತ್ಕಂಡ್ ಬಂದ್ವಿ."

ನನಗೆ ಅಳು ಬಂತು. ಸಂತೋಷದಿಂದ ಅವನ ಕೈ ಹಿಡಿದೆ. ಅವನು ನಗುತ್ತಿದ್ದವನು ನಿಧಾನವಾಗಿ ನಗು ನಿಲ್ಲಿಸಿದ. ಕೊಪ್ಪೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಏನು ಇನಾಸ, ಎಂದೆ.

"ಏನಿಲ್ರಿ. ಎರಡ್ ರವಿವಾರದಾಗ ಮುಗದು ಹೋತಲ್ರಿ ಆ ಸಂಕ." ಅವನು ಕೊಪ್ಪೆಯ ತುದಿ ಹಿಂಡಿದ. "ಇಷ್ಟೇ ಕೆಲಸ ಆಗಿತ್ತೇನ್ರಿ ಅಕ್ಕೋರೆ? ರೋಜಾ ಇದ್ದಾಗೂ ಇಷ್ಟೇ ಆಗಿತ್ತೇನ್ರಿ?"

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಹೌದು ಇನಾಸ," ಎಂದೆ. "ಇಷ್ಟೇ ಆಗಿತ್ತು."